ಹೊಳಗೇರಿಗೆ ಕಟ್ಟಿದ ಹಗ್ಗ

ಯಲ್ಲಾಪುರದ ಕಾಡಿನೊಳಗೆ ನಾವು ಹತ್ತಲು ಹೋಗುತ್ತಿದ್ದ ಬಂಡೆಗೆ ರಸ್ತೆಯಿಂದ ಒಂದೂವರೆ ತಾಸಿನ ನಡಿಗೆ. ಅರಣ್ಯ ಕಚೇರಿಯಲ್ಲಿ ಕೇಳಿಕೊಂಡು, ಬೇಸಿಗೆಗೆ ಮುಂಚಿನ ಭಾನುವಾರಗಳಲ್ಲಿ ಹೋಗುತ್ತಿದ್ದೆವು. ನಾನು ಸಿರ್ಸಿಯಲ್ಲಿ ಮನೆ ಮಾಡಿಕೊಂಡು ದಾಸನಕೊಪ್ಪದ ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿರುವವಳು. ನನ್ನ ಜೊತೆಗಾರರು ಯಲ್ಲಾಪುರದಲ್ಲಿ ಲಾರಿ ರಿಪೇರಿಯ ಗ್ಯಾರೇಜ್ ಇಟ್ಟುಕೊಂಡವರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಭಾಯ್ ಅನ್ನುತ್ತೇನೆ, ಅವರು ನನ್ನನ್ನು ಟೀಚರ್ ಅನ್ನುತ್ತಾರೆ. ಯೌವನದಲ್ಲಿ ಬಾದಾಮಿಗೆ ಹೋಗಿ ಬಂಡೆ ಹತ್ತುವುದನ್ನು ಕಲಿತು ಬಂದ ಅವರೇ, ನಲವತ್ತು ದಾಟುತ್ತಿದ್ದ ನನಗೆ ಗಂಟು ಹಾಕುವುದರಿಂದ ಹಿಡಿದು ಎಲ್ಲ ಕಲಿಸಿದರು.

ಬಂಡೆಯ ಮೇಲೆ ಅವರು ಹೇಳಿದಂತೆ ನಾನು ಕೇಳುತ್ತಿದ್ದೆ. ದಾರಿಯಲ್ಲಿ ನಾನು ಹೇಳಿದಂತೆ ಅವರು ಕೇಳುತ್ತಿದ್ದರು. ಪೇಟೆಯಲ್ಲಿ ಬೆಳೆದ ಅವರಿಗೆ ಮರಗಿಡಗಳ ಪರಿಚಯ ಕಡಿಮೆ. ನಾನು ಸಿದ್ದಾಪುರದ ಹೇರೂರಿನವಳು. ಆ ದಾರಿಯಲ್ಲಿ ಹಾವಿಗಿಂತ ಹೆಚ್ಚು ಹೆದರಬೇಕಾದದ್ದು ಹೊಳಗೇರು ಮರಕ್ಕೆ. ಅದರ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಕೊಂಬೆಯ ತುದಿಯಲ್ಲಿ ಗುಂಪಾಗಿ ನಿಂತ ಉದ್ದನೆಯ ಎಲೆ, ಎಲೆಯ ತೊಟ್ಟಿನಲ್ಲಿ ಮುಳ್ಳಿನಂಥ ಎರಡು ಚಿಕ್ಕ ಕೊಂಬು, ಕಾಂಡದ ಮೇಲೆ ಟಾರು ಇಳಿದಂತೆ ಒಣಗಿದ ಕಪ್ಪು ಗೆರೆ: ಇಷ್ಟು ನೋಡಿ ಗುರುತು ಹಿಡಿಯಬಹುದು. ನಾನು ಮುಂದೆ ನಡೆಯುತ್ತ ಪ್ರತಿ ಮರವನ್ನೂ ಕೋಲಿನಿಂದ ತೋರಿಸುತ್ತಿದ್ದೆ. ಭಾಯ್ ಕೈಗಳನ್ನು ಎದೆಗೆ ಕಟ್ಟಿಕೊಂಡು ದಾಟುತ್ತಿದ್ದರು.

ನನಗೆ ಮಾತ್ರ ಹೊಳಗೇರು ತಾಗಿದರೂ ಏನೂ ಆಗುತ್ತಿರಲಿಲ್ಲ. ಸಣ್ಣವಳಿದ್ದಾಗ ನಾನು, ಅಕ್ಕ ಇಬ್ಬರೂ ಅದರ ಎಲೆ ಮುರಿದು ಆಡಿದ್ದೆವು. ಅಕ್ಕನ ಮುಖ ಗುರುತು ಸಿಗದಷ್ಟು ಊದಿಕೊಂಡಿತು. ತಾರೆ ಮರ ಸುತ್ತಿದರೆ ಹೊಳಗೇರಿನ ಉರಿ ಇಳಿಯುತ್ತದೆಂಬ ನಂಬಿಕೆಯಿಂದ ಅಜ್ಜಿ ಅವಳನ್ನು ಅದರ ಬಳಿ ಕರೆದೊಯ್ದು ಸುತ್ತು ಹಾಕಿಸಿದಳು. ನನ್ನ ಕೈಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಅಂದಿನಿಂದ ನನಗೆ ಅದೊಂದು ಹೆಮ್ಮೆ.

ಬಂಡೆಯ ನೆತ್ತಿಗೆ ಹಿಂದಿನಿಂದ ಒಂದು ಕಾಲುದಾರಿ ಇದೆ. ನಾನು ಅದರಲ್ಲಿ ಹತ್ತಿ, ಮೇಲಿನ ಎರಡು ಮರಗಳಿಗೆ ನೈಲಾನ್ ಪಟ್ಟಿ ಸುತ್ತಿ, ಅದಕ್ಕೆ ಹಗ್ಗ ತೊಡಿಸಿ ಕೆಳಗೆ ಬಿಡುತ್ತಿದ್ದೆ. ಒಂದು ಮತ್ತಿ, ಒಂದು ಜಂಬೆ. ಆ ವರ್ಷ ಮೊದಲ ಸಲ ಹೋದಾಗ ಜಂಬೆ ಮರ ಮಳೆಗಾಲದ ಗಾಳಿಗೆ ಬುಡಮೇಲಾಗಿ ಬಿದ್ದಿತ್ತು. ಮತ್ತಿ ಒಂದನ್ನೇ ನಂಬುವಂತಿರಲಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಮರ, ತೋಳಿನಲ್ಲಿ ತಬ್ಬುವಷ್ಟು ದಪ್ಪ, ಬೇರು ಬಂಡೆಯ ಸಂದಿಗೆ ಇಳಿದು ಭದ್ರವಾಗಿ ನಿಂತಿತ್ತು. ಅದು ಹೊಳಗೇರು. ನನಗೆ ಮೊದಲ ನೋಟಕ್ಕೇ ಗೊತ್ತಾಯಿತು. ಬೇರೆ ಮರಕ್ಕೆ ಹೋಗಬೇಕೆಂದರೆ ಇಪ್ಪತ್ತು ಮಾರು ಹಿಂದೆ ಹೋಗಬೇಕು, ಅಷ್ಟು ಉದ್ದದ ಪಟ್ಟಿ ನನ್ನಲ್ಲಿರಲಿಲ್ಲ. ಕಟ್ಟುವವಳು ನಾನು, ಬಿಚ್ಚುವವಳೂ ನಾನು, ಭಾಯ್ ಅಂಚಿನವರೆಗೆ ಹತ್ತಿ ಹಗ್ಗದಲ್ಲೇ ಇಳಿಯುತ್ತಾರೆ, ಮರದ ಬಳಿ ಬರುವುದೇ ಇಲ್ಲ ಎಂದುಕೊಂಡು ಅದಕ್ಕೇ ಸುತ್ತಿದೆ.

ಅವತ್ತು ಇಬ್ಬರೂ ಎಷ್ಟೋ ಸಲ ಹತ್ತಿ ಇಳಿದೆವು. ನಮ್ಮ ಭಾರಕ್ಕೆ ಪಟ್ಟಿ ಕಾಂಡದ ಮೇಲೆ ಉಜ್ಜಿರಬೇಕು. ಬಿಚ್ಚುವಾಗ ಸಿಪ್ಪೆ ಸ್ವಲ್ಪ ಸುಲಿದದ್ದನ್ನು ನೋಡಿದೆ. ಪಟ್ಟಿಯನ್ನೂ ಹಗ್ಗವನ್ನೂ ಒಂದೇ ಚೀಲಕ್ಕೆ ತುರುಕಿ ಇಳಿದು ಬಂದೆ. ಭಾಯ್ ಕೆಳಗೆ ಹಗ್ಗವನ್ನು ಹೊರಗೆಳೆದು, ಯಾವತ್ತಿನ ಅಭ್ಯಾಸದಂತೆ ಕೊರಳಿನ ಮೇಲೆ ಹಾಕಿಕೊಂಡು ಸುರುಳಿ ಸುತ್ತಿದರು.

ಮೂರನೆಯ ದಿನ ಅವರ ಹೆಂಡತಿ ಫೋನ್ ಮಾಡಿದರು. ಹಾನಗಲ್ ಕಡೆಯವರು ಅವರು, ಮಾತು ಕಡಿಮೆ. "ಟೀಚರ್, ಇವರ ಮಾರಿ ನೋಡಾಕ ಆಗವಲ್ದು. ಒಮ್ಮೆ ಬಂದು ಹೋಗ್ರಿ" ಅಂದರು.

ಶಾಲೆ ಮುಗಿಸಿ ಬಸ್ಸು ಹಿಡಿದು ಹೋದೆ. ಭಾಯ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕಣ್ಣು ಎರಡು ಗೀರುಗಳಾಗಿದ್ದವು. ಕೊರಳ ಸುತ್ತ ನೀರುಗುಳ್ಳೆ ಸಾಲಾಗಿ ಎದ್ದು ಕೆಲವು ಒಡೆದಿದ್ದವು. ಡಾಕ್ಟರು ಮಾತ್ರೆ, ಮುಲಾಮು ಕೊಟ್ಟಿದ್ದರಂತೆ. ನನ್ನ ದನಿ ಕೇಳಿ ಅವರು ನೆಟ್ಟಗೆ ಕೂರಲು ನೋಡಿದರು.

"ನೀವು ಎಲ್ಲಾ ಮರ ತೋರಿಸಿದ್ರಿ ಟೀಚರ್. ನಾನೇ ಎಲ್ಲೋ ಲಕ್ಷ್ಯ ಇಲ್ದೆ ಕೈ ಇಟ್ಟೆ. ನಿಮಗೂ ತ್ರಾಸ ಆತು."

ಆಗ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವರ ಹೆಂಡತಿ ಚಹಾ ತಂದರು, ಕುಡಿದೆ. ಪಟ್ಟಿ ಅವರು ಮುಟ್ಟಿಲ್ಲವಲ್ಲ, ದಾರಿಯಲ್ಲೇ ತಾಗಿದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಸುಮ್ಮನೆ ಎದ್ದು ಬಂದೆ.

ಗುಣವಾಗಲು ಮೂರು ವಾರ ಹಿಡಿಯಿತು. ಮತ್ತೆ ಹೋದಾಗ ನಾನು ಹೆಚ್ಚು ಪಟ್ಟಿ ಒಯ್ದು ಇಪ್ಪತ್ತು ಮಾರು ಹಿಂದಿದ್ದ ಆ ಮರಕ್ಕೇ ಕಟ್ಟಿದೆ, ಹೊಳಗೇರನ್ನು ಮುಟ್ಟಲಿಲ್ಲ. ಭಾಯ್ ದಾರಿಯುದ್ದಕ್ಕೂ ನನ್ನ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಬಂದರು. ಆದರೆ ಹಗ್ಗ ಅದೇ, ಹಳೆಯ ಪಟ್ಟಿ ಅದೇ, ಚೀಲವೂ ಅದೇ. ಎರಡು ದಿನಕ್ಕೆ ಅವರಿಗೆ ಮತ್ತೆ ಮೈಮೇಲೆ ಗುಳ್ಳೆ ಎದ್ದವು. ಈ ಸಲ ಅವರ ಹೆಂಡತಿಗೂ. ಬಂಡೆಯನ್ನು ಕಣ್ಣಿಂದಲೂ ನೋಡದ ಆ ಹೆಂಗಸು ಗಂಡನ ಅಂಗಿ ಒಗೆದಿದ್ದರು, ಅಷ್ಟೇ. ಮೊಣಕೈವರೆಗೆ ಗುಳ್ಳೆ. ಹಿಟ್ಟು ನಾದಲು ಆಗದೆ ಪಕ್ಕದ ಮನೆಯವರು ರೊಟ್ಟಿ ಕೊಟ್ಟು ಹೋಗುತ್ತಿದ್ದರು. ಭಾಯ್ ಫೋನಿನಲ್ಲಿ, ಕಾಡಿಗೆ ತಾನು ಬೇಡವಾಗಿರಬೇಕು, ಇನ್ನು ಬಂಡೆ ಹತ್ತುವುದು ಸಾಕು ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಆ ಶನಿವಾರ ಹೇರೂರಿಗೆ ಹೋಗಿ ಅಮ್ಮನ ಮುಂದೆ ಎಲ್ಲ ಹೇಳಿದೆ. ಅಮ್ಮ ಅಡಿಕೆ ಸುಲಿಯುವುದನ್ನು ನಿಲ್ಲಿಸಿದಳು. ಸೊನೆ ಒಣಗಿದರೂ ಅದರ ವಿಷ ಹೋಗುವುದಿಲ್ಲ, ತಾಗಿದ ಬಟ್ಟೆ, ಕತ್ತಿಯ ಹಿಡಿಯಿಂದ ತಿಂಗಳಾದ ಮೇಲೂ ಮೈಗೆ ಗುಳ್ಳೆ ಏಳುತ್ತದೆ ಎಂದಳು. ಸುಡಬೇಡ, ಹೊಗೆ ಇನ್ನೂ ಕೆಟ್ಟದ್ದು ಎಂದೂ ಎಚ್ಚರಿಸಿದಳು. ಆಮೇಲೆ ನನ್ನ ಮುಖ ನೋಡಿ, "ನಿಂಗೆ ಹತ್ತತಿಲ್ಲೆ ಹೇಳಿ ಬೇರೆಯವ್ಕೂ ಹತ್ತತಿಲ್ಲೆ ಹೇಳಿ ತಿಳ್ಕಂಡ್ಯಾ?" ಅಂದಳು.

ಸಿರ್ಸಿಯ ಮನೆಗೆ ಬಂದು ಚೀಲವನ್ನು ಅಂಗಳದಲ್ಲಿ ಕೊಡವಿದೆ. ಹಳದಿ ಪಟ್ಟಿಯ ಮೇಲೆ ಗೇಣುದ್ದದ ಕಪ್ಪು ಕಲೆ. ಅದು ಒತ್ತಿಕೊಂಡಿದ್ದ ಕಡೆಯೆಲ್ಲ ಹಗ್ಗಕ್ಕೂ ಅಂಟಿತ್ತು. ಅದೇ ಹಗ್ಗವನ್ನು ನಾನು ಎರಡು ಸಲ ಅವರ ಕೈಗೆ ಕೊಟ್ಟಿದ್ದೆ.

ಮರುದಿನ ಯಲ್ಲಾಪುರಕ್ಕೆ ಹೋದೆ. ಗಂಡ ಹೆಂಡತಿ ಇಬ್ಬರೂ ಕೂತಿದ್ದಾಗ, ನಿಂತುಕೊಂಡೇ ಹೇಳಿದೆ. ಭಾಯ್ ಕೇಳಿದ್ದು ಇಷ್ಟೇ.

"ಕಟ್ಟೋವಾಗ ಗೊತ್ತಿತ್ತಾ ಟೀಚರ್?"

"ಗೊತ್ತಿತ್ತು."

"ನಾನೇ ಲಕ್ಷ್ಯ ಇಲ್ದೆ ಕೈ ಇಟ್ಟೆ ಅಂದಾಗ?"

"ಆಗ್ಲೂ ಗೊತ್ತಿತ್ತು, ಭಾಯ್."

ಅವರು ಗೋಡೆಯ ಕಡೆ ಮುಖ ಮಾಡಿದರು. ಅವರ ಹೆಂಡತಿ ಮುಲಾಮು ಹಚ್ಚಿದ ಕೈಗಳನ್ನು ಮಡಿಲಲ್ಲಿ ಅಂಗೈ ಮೇಲಾಗಿ ಇಟ್ಟುಕೊಂಡಿದ್ದರು. "ಮರದ್ದೇನು ತಪ್ಪೈತ್ರಿ. ಅದು ಇದ್ದಲ್ಲೇ ಇತ್ತು" ಅಂದರು. ಬೈದಿದ್ದರೆ ಇದಕ್ಕಿಂತ ಹಗುರಾಗುತ್ತಿತ್ತು.

ಗ್ಯಾರೇಜಿನ ಹಿಂದೆ ನಾನೇ ಗುಂಡಿ ತೋಡಿ, ಗೋಣಿಯಲ್ಲಿ ಕಟ್ಟಿ ತಂದಿದ್ದ ಹಗ್ಗ, ಪಟ್ಟಿ, ಚೀಲ ಎಲ್ಲ ಹೂತೆ. ಭಾಯ್ ಬಾಗಿಲಲ್ಲಿ ನಿಂತು ನೋಡಿದರು, ಹತ್ತಿರ ಬರಲಿಲ್ಲ. ಆ ಬೇಸಿಗೆ, ಮಳೆಗಾಲವಿಡೀ ಅವರಿಂದ ಫೋನ್ ಇಲ್ಲ. ನಾನು ಎರಡು ಸಲ ಮಾಡಿದಾಗ, ಆರಾಮಿದ್ದೇವೆ ಎಂದಷ್ಟೇ ಹೇಳಿ ಇಟ್ಟರು. ಹೊಸ ಹಗ್ಗ ತರಿಸಿಕೊಂಡೆ. ಅದು ಕಪಾಟಿನಲ್ಲೇ ಇತ್ತು.

ದೀಪಾವಳಿ ಕಳೆದ ಮೇಲೆ ಅವರೇ ಫೋನ್ ಮಾಡಿದರು. ಬಂಡೆಗೆ ಬೇಡ, ದಾರಿಯಲ್ಲಿ ಒಮ್ಮೆ ನಡೆದು ಬರೋಣ, ಮರಗಳ ಗುರುತು ಸರಿಯಾಗಿ ಕಲಿಸಿಕೊಡಿ ಎಂದರು. ಅವತ್ತು ಒಂದೂವರೆ ತಾಸಿನ ದಾರಿಗೆ ಇಡೀ ದಿನ ತೆಗೆದುಕೊಂಡೆವು. ತೊಟ್ಟಿನ ಕೊಂಬು, ಕಪ್ಪು ಗೆರೆ, ನೆಲಕ್ಕೆ ಉದುರಿದ ಎಲೆ, ಮೊಣಕಾಲೆತ್ತರದ ಸಸಿ ಎಲ್ಲ ತೋರಿಸಿದೆ. ವಾಪಸು ಬರುವಾಗ ಅವರು ಮುಂದೆ ನಡೆದು ಒಂದೊಂದನ್ನೂ ತಾವೇ ಗುರುತಿಸಿದರು. ಒಂದು ಸಲ ಮಾತ್ರ ಕಾಡುಮಾವಿನ ಗಿಡವನ್ನು ಹೊಳಗೇರು ಅಂದರು. ನಾನು ತಿದ್ದಿದೆ. ಅವರು ನಂಬಲಿಲ್ಲ, ಬಗ್ಗಿ ತೊಟ್ಟನ್ನು ನೋಡಿ, ಆಮೇಲೆ ಹೂಂ ಅಂದರು.

ಜನವರಿಯಿಂದ ಮತ್ತೆ ಹತ್ತುತ್ತಿದ್ದೇವೆ. ಹಗ್ಗವನ್ನು ಈಗಲೂ ನಾನೇ ಕಟ್ಟುತ್ತೇನೆ. ಆದರೆ ಕಟ್ಟಿದ ಮೇಲೆ ಭಾಯ್ ಹಿಂದಿನ ದಾರಿಯಿಂದ ನೆತ್ತಿಗೆ ಬಂದು, ಯಾವ ಮರಕ್ಕೆ ಕಟ್ಟಿದ್ದೇನೆ ಎಂದು ಕಣ್ಣಾರೆ ನೋಡಿ ಇಳಿಯುತ್ತಾರೆ. ಅವರ ಮಂಡಿ ಈಗ ಮೊದಲಿನಂತಿಲ್ಲ. ಆ ಏರು ಅವರಿಗೆ ಕಷ್ಟ. ಬೇಡ ಅನ್ನಲು ನನಗೆ ಬಾಯಿಲ್ಲ. ಅವರು ಏದುಸಿರು ಬಿಡುತ್ತ ಬರುವವರೆಗೆ ಮರದ ಪಕ್ಕ ನಿಂತು ಕಾಯುತ್ತೇನೆ, ಅವರು ನೋಡಲಿ ಎಂದು ಸ್ವಲ್ಪ ಸರಿದು ಜಾಗ ಬಿಡುತ್ತೇನೆ.