ಟೆಂಪೊ ತುಂಬಿಸಿದ ಹರಕೆ

ನಮ್ಮ ಓಣಿಯವರಿಗೆ ವ್ಯಾಪಾರ ಗೊತ್ತಿಲ್ಲ ಎಂದು ಯಾರಾದರೂ ಅಂದರೆ ಇಂದಿಗೂ ನಾನು ಜಗಳಕ್ಕೆ ನಿಲ್ಲುತ್ತೇನೆ. ಆದರೆ ಅಂಚೆಯವರ ಸಂಪು, ಅಂದರೆ ಮುಷ್ಕರ, ನಡೆದ ವರ್ಷ ಅವರು ಹಾಕಿದ ಲೆಕ್ಕಾಚಾರ ನೆನಪಾದರೆ ಒಬ್ಬಳೇ ಕೂತಿದ್ದರೂ ನಗು ಬರುತ್ತದೆ.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದ ಹಳೇ ಪೇಟೆಯಲ್ಲಿ ನಮ್ಮ ಮನೆ. ಅಪ್ಪನದು ನೂಲಿನ ಅಂಗಡಿ. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಜಗಳಕ್ಕೆ ಎರಡೂ ನಡೆಯುತ್ತಿದ್ದವು. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಗಂಡ ತೀರಿಹೋದ ಮೇಲೆ ನಮ್ಮಲ್ಲೇ ಇದ್ದಳು. ಅವಳಿಗೆ ಮನೆಯಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೆ ಕುಬಸದ ಬಟ್ಟೆ ಬೇಕಾದರೂ ತಮ್ಮನನ್ನು ಕೇಳಬೇಕಿತ್ತು. ಅಪ್ಪ ಇಲ್ಲ ಎಂದವನಲ್ಲ, ಆದರೆ ಕೊಡುವಾಗ ಒಂದು ಗಳಿಗೆ ಸುಮ್ಮನಿರುತ್ತಿದ್ದ. ಆ ಒಂದು ಗಳಿಗೆ ಅತ್ತೆಗೆ ಸಹಿಸಲಾಗುತ್ತಿರಲಿಲ್ಲ.

ಅದಕ್ಕೇ ಪಕ್ಕದ ಮನೆಯ ಟಾವೆಲ್ ವ್ಯಾಪಾರಿ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಪಾರ್ಸಲ್ ಒಯ್ಯುವ ಒಂದು ಸರ್ವಿಸ್ ಶುರುಮಾಡುತ್ತೇನೆ, ಓಣಿಯವರು ಪಾಲು ಹಾಕಿರಿ ಎಂದಾಗ, ಅತ್ತೆ ಪೆಟ್ಟಿಗೆಯಿಂದ ತನ್ನ ಚಿನ್ನದ ಪಾಟಲಿ ಬಳೆಗಳನ್ನು ತೆಗೆದು ಅವನ ಮುಂದಿಟ್ಟಳು.

"ಹೆಣ್ಮಕ್ಕಳಿಗೆ ಯಾಕ ಬೇಕ ಈ ಉಸಾಬರಿ?" ಎಂದ ಅಪ್ಪ.

"ಕೈಗಂತೂ ಹಾಕೂದಿಲ್ಲ. ಪೆಟಗ್ಯಾಗ ಇಟ್ಟು ಏನ್ ಮಾಡ್ಲಿ? ರಸ್ತಾದಾಗರೆ ಓಡ್ಯಾಡ್ಲಿ," ಎಂದಳು ಅತ್ತೆ.

ಹೀಗೆ ಐದು ಮನೆಗಳ ದುಡ್ಡಿನಲ್ಲಿ ಒಂದು ಮೂರು ಗಾಲಿಯ ಟೆಂಪೊ ಬಂತು. ಡ್ರೈವರ್ ಮಂದ್ರೂಪದವನು, ಬೀರೋಬನ ಭಕ್ತ. ದಿನಾ ಸ್ಟಿಯರಿಂಗಿಗೆ ದೇವರ ಅರಿಶಿನದ ಭಂಡಾರ ಹಚ್ಚದೆ ಗಾಡಿ ಶುರುಮಾಡುತ್ತಿರಲಿಲ್ಲ. ಬೆಳಿಗ್ಗೆ ಟಾವೆಲ್ಲು, ಚಾದರಗಳ ಗಂಟು ಹೇರಿಕೊಂಡು ಅಕ್ಕಲಕೋಟೆಯ ಅಂಗಡಿಗಳಿಗೆ ಹೋಗುತ್ತಿದ್ದ, ಸಂಜೆ ಅಲ್ಲಿಯ ಸಾಮಾನು ಹೊತ್ತು ಬರುತ್ತಿದ್ದ. ಅತ್ತೆ ಹೊಸ್ತಿಲಲ್ಲಿ ನಿಂತು ಟೆಂಪೊದ ಟಾಯರನ್ನೇ ನೋಡುತ್ತಿದ್ದಳು. ಟಾಯರು ಒತ್ತಿದ್ದರೆ ಗಾಡಿ ತುಂಬಿದೆ, ಅವಳ ಮುಖವೂ ತುಂಬಿದೆ. ದೀಪಾವಳಿ ಪಾಡ್ಯದ ದಿನ ಟಾವೆಲ್ ವ್ಯಾಪಾರಿಯ ಅಂಗಡಿಯಲ್ಲಿ ಪೂಜೆ ಮಾಡಿ, ಕಾಯಿ ಒಡೆದು, ಪಾಲುದಾರರಿಗೆ ಲಾಭದ ಜೊತೆ ಒಂದೊಂದು ಹೋಳು ಕೊಬ್ಬರಿ ಕೊಡುವ ಪದ್ಧತಿ. ಮೊದಲ ವರ್ಷ ಬಂದ ಲಾಭದಲ್ಲಿ ಅತ್ತೆ ತನಗೆ ಏನೂ ಕೊಳ್ಳದೆ ಅಪ್ಪನಿಗೆ ಒಂದು ಧೋತ್ರ ತಂದುಕೊಟ್ಟಳು. ಕೊಡುವಾಗ ಬೇಕೆಂದೇ ಒಂದು ಗಳಿಗೆ ಸುಮ್ಮನಿದ್ದಳು.

ಎರಡನೆಯ ವರ್ಷ, ದಸರೆಗಿಂತ ಮೊದಲು, ಅಂಚೆಯವರು ಸಂಪು ಹೂಡಿದರು.

ನಮ್ಮ ಪಾಲುದಾರರಿಗೆ ಆದ ಆನಂದವನ್ನು ಏನು ಹೇಳಲಿ. ಅಂಚೆ ನಿಂತರೆ ಪಾರ್ಸಲ್ಲುಗಳು ಎಲ್ಲಿಗೆ ಹೋಗಬೇಕು? ನಮ್ಮ ಟೆಂಪೊಕ್ಕೇ ಬರಬೇಕು. ಇದು ಅವರ ತರ್ಕ. ಟಾವೆಲ್ ವ್ಯಾಪಾರಿ ಪೇಢೆ ಹಂಚಿದ. ಅಷ್ಟಕ್ಕೇ ಬಿಡದೆ ಎರಡನೆಯ ಟೆಂಪೊಕ್ಕೆ ಮುಂಗಡವನ್ನೂ ಕೊಟ್ಟುಬಂದ. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ನನ್ನನ್ನು ಕರೆದುಕೊಂಡು ಟೆಂಪೊದಲ್ಲೇ ಅಕ್ಕಲಕೋಟೆಗೆ ಹೋಗಿ, ಊರ ಹೊರಗಿನ ಮೈಲಾರನ ಗುಡಿಯಲ್ಲಿ ಹರಕೆ ಹೊತ್ತಳು. ಅಲ್ಲಿ ಹರಕೆ ಹೊರುವವರು ತೆಂಗಿನಕಾಯಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಗುಡಿಯ ತೊಲೆಗೆ ಕಟ್ಟುತ್ತಾರೆ. ಬೇಡಿದ್ದು ಸಿಕ್ಕ ಮೇಲೆ ಬಿಚ್ಚಿ ಒಡೆಯಬೇಕು. ಸಿಗುವವರೆಗೆ ಮುಟ್ಟುವಂತಿಲ್ಲ.

"ಈ ಸಂಪಿನ ಸಲುವಾಗಿ ನಮ್ಮ ಗಾಡಿ ತುಂಬಿ ಹೋಗ್ಲಿ. ಅಲ್ಲೀತನಾ ಸಂಪು ಮುಗೀಬಾರದಪಾ," ಎಂದು ಅತ್ತೆ ದೇವರಿಗೆ ಕೇಳುವಂತೆ, ಪೂಜಾರಿಗೂ ಕೇಳುವಂತೆ ಹೇಳಿ ಕಾಯಿ ಕಟ್ಟಿದಳು. ನನಗೆ ನಾಚಿಕೆಯಾಯಿತು. ದೇವರ ಹತ್ತಿರ ಹೀಗೆ ಕರಾರು ಮಾಡುತ್ತಾರೆಯೇ ಎಂದು ಕೇಳಿದೆ. "ಸುಮ್ಕಿರು, ಅಂವಗೂ ತಿಳೀಬೇಕಲ್ಲ," ಎಂದಳು.

ಮೊದಲ ಕೆಲವು ದಿನ ಟಾಯರು ನಿಜವಾಗಿಯೂ ಒತ್ತಿದವು. ಅಂಚೆ ಕಚೇರಿಯಿಂದ ವಾಪಸಾದ ಗಂಟುಗಳೆಲ್ಲ ನಮ್ಮಲ್ಲಿಗೆ ಬಂದವು. ಆಮೇಲೆ ಗಾಡಿ ಹಗುರಾಗತೊಡಗಿತು. ಅರ್ಧ ಗಾಡಿ, ಕಾಲು ಗಾಡಿ, ಕೊನೆಗೆ ಡ್ರೈವರನ ಬುತ್ತಿಗಂಟು ಒಂದೇ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಅಕ್ಕಲಕೋಟೆಯವರು ಮೈ ಒರೆಸಿಕೊಳ್ಳುವುದನ್ನೇ ಬಿಟ್ಟರೇನೋ ಎಂದು ಅಪ್ಪ ತಮಾಷೆ ಮಾಡಿದ.

ಕಾರಣವನ್ನು ಕೊನೆಗೆ ಅಕ್ಕಲಕೋಟೆಯ ಒಬ್ಬ ಅಂಗಡಿಕಾರನೇ ಬಂದು ತೋರಿಸಿಕೊಟ್ಟ. ಒಂದು ದಿನ ಅವನು ಟಾವೆಲ್ ವ್ಯಾಪಾರಿಯ ಅಂಗಡಿಗೆ ಬಂದು ಮಾಲು ಕೊಂಡ. ಗಂಟು ಕಟ್ಟಿಸಿ, ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟ. ನಮ್ಮ ಟೆಂಪೊ ಎದುರಿಗೇ ನಿಂತಿತ್ತು.

"ಶೇಠಜಿ, ಟೆಂಪೊದಾಗ ಹಾಕ್ರಿ," ಎಂದ ಡ್ರೈವರ್.

"ಯಾಕ? ಕಾರ್ಡ ಬರದ್ರ ನಿಮಗ ಮುಟ್ಟೂದಿಲ್ಲ, ಅದಕ್ಕ ನಾನಽ ಬಂದೀನಿ. ಬಂದ ಮ್ಯಾಲ ಗಂಟು ಬಸ್ಸಿನ ಮ್ಯಾಲ ಹಾಕ್ಕೊಂಡು ಹೋಗತೀನಿ. ನಿಮಗ್ಯಾಕ ಭಾಡಾ ಕೊಡ್ಲಿ?"

ಅಲ್ಲಿಯವರೆಗೆ ಯಾರಿಗೂ ಹೊಳೆಯದ ಸಂಗತಿ ಇದು. ನಮ್ಮ ಟೆಂಪೊ ಒಯ್ಯುತ್ತಿದ್ದ ಪ್ರತಿಯೊಂದು ಗಂಟೂ ಮೊದಲು ಒಂದು ಅಂಚೆಕಾರ್ಡಾಗಿ ಸೊಲ್ಲಾಪುರಕ್ಕೆ ಬರುತ್ತಿತ್ತು. ಇಂಥ ಬಣ್ಣದ ಇಷ್ಟು ಚಾದರ ಕಳಿಸಿ ಎಂದು ಅಂಗಡಿಕಾರ ಬರೆದರೆ ತಾನೇ ಇಲ್ಲಿಂದ ಮಾಲು ಹೋಗುವುದು. ಕಾರ್ಡು ನಿಂತಿತು, ನಾವೂ ನಿಂತೆವು. ಅಂಚೆಯನ್ನು ಎದುರಾಳಿ ಎಂದುಕೊಂಡು ಪೇಢೆ ಹಂಚಿದವರು ಅಂಚೆಯವನ ಹೆಗಲ ಮೇಲೇ ಕೂತಿದ್ದರು.

ಪಾಲುದಾರರು ಸಭೆ ಸೇರಿದರು. ಗಂಡಸರು ಗಾದಿಯ ಮೇಲೆ, ಅತ್ತೆ ಬಾಗಿಲ ಹತ್ತಿರ. ಎರಡನೆಯ ಟೆಂಪೊದ ಮುಂಗಡ ಮುಳುಗಿತ್ತು, ಡ್ರೈವರನ ಪಗಾರ ಬಾಕಿ ಇತ್ತು. ಪಾಡ್ಯದೊಳಗೆ ಸಂಪು ಮುಗಿಯದಿದ್ದರೆ ಟೆಂಪೊ ಮಾರಿ, ಉಳಿದಷ್ಟನ್ನು ಹಂಚಿಕೊಂಡು ಕೈ ತೊಳೆದುಕೊಳ್ಳುವುದೆಂದು ತೀರ್ಮಾನವಾಯಿತು. ಮನೆಗೆ ಬಂದು ಊಟಕ್ಕೆ ಕೂತಾಗ ಅಪ್ಪ ಹಂಗಿಸಲಿಲ್ಲ, ಅವನು ಒಳ್ಳೆಯವನು. ಆದರೆ ಅತ್ತೆ ತಾಟಿನ ಮುಂದೆ ಕೂತವಳು ಇನ್ನೊಂದು ರೊಟ್ಟಿ ಕೇಳಲಿಲ್ಲ. ಮತ್ತೆ ಕೇಳಿ ಪಡೆಯುವ ಕಾಲ ಬಂತೆಂದು ಅವಳಿಗೆ ಅನಿಸಿತ್ತು. ಅದು ನನಗೆ ತಿಳಿದು ಬಹಳ ಸಂಕಟವಾಯಿತು.

ಮರುದಿನ ಅವಳು, "ನಡಿ, ಪೋಸ್ಟಮನ್‌ಗ ಕೇಳೂಣು, ಯಾವಾಗ ಮುಗಸ್ತೀರಿ ಅಂತ," ಎಂದು ಹೊರಟಳು. ನಮ್ಮ ಓಣಿಯ ಪೋಸ್ಟ್‌ಮ್ಯಾನ್ ದಿನಾ ನಮ್ಮ ಕಟ್ಟೆಯ ಮೇಲೆ ಕೂತು ಅತ್ತೆಯ ಕೈಯ ಚಹಾ ಕುಡಿದು ಹೋಗುವವನು. ಅವನ ಮನೆ ಎಲ್ಲಿದೆ ಎಂದು ನಮಗೆ ಅಂದಿನವರೆಗೆ ಗೊತ್ತಿರಲಿಲ್ಲ. ಕೇಳಿಕೊಂಡು ಹೋದೆವು. ಒಂದೇ ಖೋಲಿಯ ಮನೆ. ಹೆಂಡತಿ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಅವನು ಖಾಕಿ ಅಂಗಿ ಇಲ್ಲದೆ, ಬನಿಯನ್ನಿನಲ್ಲಿ ಕೂತು ಕತ್ತರಿಯಿಂದ ಎಲೆ ಕತ್ತರಿಸುತ್ತಿದ್ದ. ಪಗಾರ ನಿಂತಿತ್ತು. ಬೆಳಿಗ್ಗೆ ಅಂಚೆ ಕಚೇರಿಯ ಮುಂದೆ ಸಂಪಿನ ಚಪ್ಪರದಲ್ಲಿ ಕೂರುವುದು, ಮಧ್ಯಾಹ್ನದ ಮೇಲೆ ಎಲೆ ಕತ್ತರಿಸುವುದು.

ನಮ್ಮನ್ನು ನೋಡಿ ಅವನು ಕತ್ತರಿಯನ್ನು ತೊಡೆಯ ಕೆಳಗೆ ಸರಿಸಿದ. ಹೆಂಡತಿ ಹಾಲಿಲ್ಲದ ಚಹಾ ಕೊಟ್ಟಳು.

"ಏನ್ ಕೆಲಸಿತ್ರಿ ಅಕ್ಕಾರ?" ಎಂದು ಕೇಳಿದ.

"ಏನಿಲ್ಲ ತಮ್ಮಾ. ಭಾಳ ದಿನ ಆತು, ನೋಡಿದ್ದಿಲ್ಲ. ಅದಕ್ಕ ಬಂದೆ."

ಮನೆಯ ಹತ್ತಿರ ಬಂದಾಗ ಅತ್ತೆ ನಿಂತು ಹೇಳಿದಳು: "ನಾ ಸಂಪು ಮುಗೀಬಾರದು ಅಂತ ಕಾಯಿ ಕಟ್ಟಿ ಬಂದೀನಿ. ಅವನ ಮನ್ಯಾಗ ಕುಂತು ಚಾ ಕುಡದೆ."

ಕಾಯಿ ಬಿಚ್ಚಲೇಬೇಕೆಂದು ಮರುದಿನ ಖಾಲಿ ಟೆಂಪೊದಲ್ಲಿ ಅಕ್ಕಲಕೋಟೆಗೆ ಹೋದೆವು. ಪೂಜಾರಿ ಕಾಯಿಗೆ ಕೈ ಹಚ್ಚಲು ಬಿಡಲಿಲ್ಲ. "ಹರಕಿ ಮುಟ್ಟದ ಹ್ಯಾಂಗ ಬಿಚ್ಚತೀರಿ? ನೀವಽ ಹೇಳೀರಿ, ಸಂಪಿನ ಸಲುವಾಗಿ ಗಾಡಿ ತುಂಬಬೇಕು ಅಂತ. ತುಂಬ್ಯಾದೇನು?"

"ಎಲ್ಲಿದು ತುಂಬೂದು," ಎಂದ ಡ್ರೈವರ್, ಖಾಲಿ ಗಾಡಿಯನ್ನು ತೋರಿಸಿ.

ವಾಪಸು ಬರುವಾಗ ಅತ್ತೆ ಹಿಂದೆ ತಿರುಗಿ ತಿರುಗಿ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಊರು ಹತ್ತಿರ ಬಂದಾಗ ಕೇಳಿದಳು: "ಅಂವಾ ಗಾಡಿ ತುಂಬಬೇಕು ಅಂದಾ. ಯಾತರಿಂದ ಅಂತ ಹೇಳಿಲ್ಲಲ್ಲ?" ಡ್ರೈವರ್ ಸ್ಟಿಯರಿಂಗಿನ ಭಂಡಾರ ಮುಟ್ಟಿ ನೋಡಿಕೊಂಡು, "ಇಲ್ರಿ," ಎಂದ.

ಆಮೇಲೆ ನಮ್ಮ ಓಣಿಯಲ್ಲಿ ನಡೆದದ್ದು ಒಂದು ಜಾತ್ರೆಗಿಂತ ಕಡಿಮೆ ಇರಲಿಲ್ಲ. ಸಂಪಿಗೆ ಕೂತವರಿಗೆ ರೊಟ್ಟಿ ಒಯ್ಯಬೇಕೆಂದು ಅತ್ತೆ ಮನೆಮನೆಗೆ ಹೋಗಿ ಹೆಂಗಸರನ್ನು ಎಬ್ಬಿಸಿದಳು. ಸೊಲ್ಲಾಪುರದಲ್ಲಿ ಖಡಕ್ ರೊಟ್ಟಿ ಮಾಡಲು ಯಾರಿಗೂ ಕಲಿಸಬೇಕಾಗಿಲ್ಲ. ಎಲ್ಲ ಒಲೆಗಳ ಮೇಲೂ ಹಂಚು ಏರಿತು. ರೊಟ್ಟಿ ಬಡಿದು ಬಡಿದು ನನ್ನ ಅಂಗೈ ಕೆಂಪಾಯಿತು. ನನ್ನ ರೊಟ್ಟಿಗಳು ಯಾವ ದೇಶದ ನಕಾಶೆ ಎಂದು ಅವ್ವ ಕೇಳಿದಳು. ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟಿದ ವಾಸನೆ ಇಡೀ ಓಣಿಗೆ ಹರಡಿತ್ತು. ಒಣಗಿಸಿದ ರೊಟ್ಟಿಗಳನ್ನು ಬುಟ್ಟಿ ಬುಟ್ಟಿ ಹೇರಿ ಟೆಂಪೊ ತುಂಬಿದೆವು.

ಟಾವೆಲ್ ವ್ಯಾಪಾರಿ ಓಡಿಬಂದ. "ಅಕ್ಕಾರ, ಡೀಸಲ್ ಯಾರಪ್ಪಂದು? ಗಾಡಿ ಮಾರೂ ಹೊತ್ನ್ಯಾಗ ಧರ್ಮಾ ಮಾಡಾಕತ್ತೀರಿ?"

"ನನ್ನ ಪಾಲಿನಾಗ ಹಿಡಕೋರಿ," ಎಂದಳು ಅತ್ತೆ. ಉಳಿದದ್ದೇ ಅಷ್ಟು, ಅದನ್ನೂ ಡೀಸೆಲ್ಲಿಗೆ ಸುರಿಯುತ್ತಿದ್ದಾಳಲ್ಲ ಎಂದು ನಾನು ಅವಳ ಸೆರಗು ಜಗ್ಗಿದೆ.

ಅಷ್ಟರಲ್ಲಿ ಡ್ರೈವರ್ ಬಗ್ಗಿ ನೋಡಿ, "ಟಾಯರ್ ಒತ್ತಿಲ್ರಿ. ರೊಟ್ಟಿ ಭಾಳ ಹಗುರ," ಎಂದ. ಅತ್ತೆಗೆ ಒಂದು ಕ್ಷಣ ಗಾಬರಿಯಾಯಿತು. ಆಗ ಒಳಗಿನಿಂದ ಅಪ್ಪ ಬಂದ. ಮನೆಯ ವರ್ಷದ ಜೋಳದಲ್ಲಿ ಒಂದು ಚೀಲವನ್ನು ಬೆನ್ನ ಮೇಲೆ ಹೊತ್ತು ತಂದು ಗಾಡಿಯಲ್ಲಿ ಕೆಡವಿದ. ಅವನು ಚೀಲ ಹೊತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಈ ಸಲ ಅವನು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. "ಇನ್ನೊಂದ ತರ್ಲೇನ?" ಎಂದು ಕೇಳಿದ. ನೋಡಿದವರು ತಮ್ಮ ಮನೆಗಳಿಂದಲೂ ತಂದರು. ಕೊನೆಗೆ ಟಾವೆಲ್ ವ್ಯಾಪಾರಿಯ ಹೆಂಡತಿಯೇ ಒಂದು ಚೀಲ ಕಳಿಸಿದಳು. ಟಾಯರು ಒತ್ತಿತು.

ಅರ್ಧವನ್ನು ಸೊಲ್ಲಾಪುರದ ಸಂಪಿನ ಚಪ್ಪರದಲ್ಲಿ ಇಳಿಸಿದೆವು, ಇನ್ನರ್ಧವನ್ನು ಅಕ್ಕಲಕೋಟೆಯಲ್ಲಿ ಸಂಪಿಗೆ ಕೂತವರಿಗೆ. ಅಲ್ಲಿಂದ ಬರಿ ಬುಟ್ಟಿಗಳೊಂದಿಗೆ ಗುಡಿಗೆ ಹೋದೆವು.

"ಗಾಡಿ ತುಂಬಿತೇನ್ರಿ?" ಎಂದ ಪೂಜಾರಿ.

"ತುಂಬಿತು. ಸಂಪಿನ ಸಲುವಾಗೇ ತುಂಬಿತು. ಈಕೀನ ಕೇಳ್ರಿ."

"ಭಾಡಾ ಎಷ್ಟ ಬಂತು?"

"ಭಾಡಾ ನಾ ಬೇಡಿದ್ದಿಲ್ಲ," ಎಂದಳು ಅತ್ತೆ. ಪೂಜಾರಿ ಸ್ವಲ್ಪ ಹೊತ್ತು ಮೈಲಾರನ ಮುಖ ನೋಡಿದ. ಆಮೇಲೆ ಸ್ಟೂಲು ತಂದು ತಾನೇ ಕಾಯಿ ಬಿಚ್ಚಿಕೊಟ್ಟ. ಅತ್ತೆ ಅದನ್ನು ಅಲ್ಲಿ ಒಡೆಯದೆ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದಳು.

ದಿಲ್ಲಿಯ ದೊಡ್ಡವರು ಮೈಲಾರನ ಮಾತು ಕೇಳಿ ಸಂಪು ಮುಗಿಸಿದರೆಂದು ನಾನು ಹೇಳುವುದಿಲ್ಲ. ಅತ್ತೆ ಹೇಳುತ್ತಿದ್ದಳು, ಸಾಯುವವರೆಗೂ ಹೇಳಿದಳು. ಏನೇ ಇರಲಿ, ದೀಪಾವಳಿಗೆ ಮೊದಲು ಸಂಪು ಮುಗಿಯಿತು. ಕಟ್ಟುಗಟ್ಟಲೆ ಕಾರ್ಡುಗಳು ಬಂದವು, ಟಾವೆಲ್ ವ್ಯಾಪಾರಿ ಕಣ್ಣಿಗೊತ್ತಿಕೊಂಡು ಓದಿದ. ಟೆಂಪೊ ಮಾರುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಆದರೆ ಮುಂಗಡ ಹೋಗಿ, ಪಗಾರ ಕೊಟ್ಟು, ಆ ವರ್ಷ ಹಂಚಲು ಏನೂ ಉಳಿದಿರಲಿಲ್ಲ.

ಪಾಡ್ಯದ ದಿನ ಪೂಜೆಗೆ ಅತ್ತೆ ಆ ಹರಕೆಯ ಕಾಯಿಯನ್ನೇ ಕೊಟ್ಟಳು. ಒಡೆದಾಗ ಒಳಗೆ ಅರ್ಧ ಒಣಗಿತ್ತು, ಬಹಳ ಸಿಹಿಯಾಗಿತ್ತು. ಈ ಸಲ ಲಾಭವೆಂದರೆ ಇಷ್ಟೇ ಎಂದು ನಗುತ್ತ ಪಾಲುದಾರರು ಒಂದೊಂದು ಹೋಳು ತೆಗೆದುಕೊಂಡರು. ಒಂದು ಹೋಳು ತಾಟಿನಲ್ಲಿ ಹೆಚ್ಚಿಗೆ ಉಳಿಯಿತು. ಅತ್ತೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು.

ಮರುದಿನ ಪೋಸ್ಟ್‌ಮ್ಯಾನ್ ಬಂದು ಕಟ್ಟೆಯ ಮೇಲೆ ಕೂತ. ಖಾಕಿ ಅಂಗಿಗೆ ಇಸ್ತ್ರಿ ಮಾಡಿತ್ತು. ಅತ್ತೆ ಚಹಾದ ಜೊತೆ ಕೊಬ್ಬರಿಯ ಹೋಳನ್ನು ಅವನ ಮುಂದಿಟ್ಟಳು.

"ಇದೇನ್ರಿ ಅಕ್ಕಾರ?"

"ಪಾಡ್ಯದ್ದು. ಟೆಂಪೊದ ಪಾಲುದಾರರಿಗೆ ಕೊಡೂದು."

"ನಾ ಎಲ್ಲಿ ಪಾಲುದಾರ್ರಿ? ಒಂದ ರೂಪಾಯಿ ಹಾಕಿಲ್ಲ."

"ನೀ ಬರೂದು ಬಿಟ್ಟಾಗ ತಿಳೀತು ತಮ್ಮಾ," ಎಂದಳು ಅತ್ತೆ. "ನಮ್ಮೆಲ್ಲಾರಕಿಂತ ದೊಡ್ಡ ಪಾಲು ನಿಂದಽ ಐತಿ. ತಿನ್ನು."

ಅವನು ಕೊಬ್ಬರಿಯನ್ನು ಎರಡು ತುಂಡು ಮಾಡಿ ಒಂದನ್ನು ಬಾಯಿಗೆ ಹಾಕಿಕೊಂಡ. ಇನ್ನೊಂದನ್ನು ಹೆಂಡತಿಗೆಂದು ಜೇಬಿನಲ್ಲಿಟ್ಟುಕೊಂಡು, ಚೀಲ ಹೆಗಲಿಗೇರಿಸಿ ಟಾವೆಲ್ ವ್ಯಾಪಾರಿಯ ಅಂಗಡಿಯ ಕಡೆ ನಡೆದ.