ನೆಲಕ್ಕಿಳಿದ ಲಾರ್ನ್ ಟ್ವೀಟನ್

ವಿಸ್ಕಾನ್ಸಿನ್ನಿನ ಗುಡ್ಡಗಾಡಲ್ಲಿ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ ಲಾರ್ನ್ ಟ್ವೀಟನ್ ಇಪ್ಪತ್ತಾರು ವರ್ಷ ಮರದ ಮೇಲೆ ಅಟ್ಟಣೆ ಕಟ್ಟಿ, ಬಿಲ್ಲಿನಿಂದ ಜಿಂಕೆ ಹೊಡೆದವನು. ಹೋದ ವರ್ಷ ಅಟ್ಟಣೆಯ ಪಟ್ಟಿ ಹರಿದು ಕೆಳಗೆ ಬಿದ್ದ. ಸೊಂಟದ ಮೂಳೆ ಮುರಿಯಿತು. ಇನ್ನು ಏಣಿ ಕಂಡರೆ ಆಚೆ ತಿರುಗಿ ನಡೀರಿ ಅಂದರು ಡಾಕ್ಟರು.

ಹಾಗಾಗಿ ಈ ಸಲ ನೆಲವೇ ಗತಿ. ಮೇಲಿದ್ದಾಗ ಜಿಂಕೆ ಅವನತ್ತ ತಲೆ ಎತ್ತುತ್ತಲೇ ಇರಲಿಲ್ಲ. ಈಗ ಹೆದೆ ಎಳೆಯಲು ಮೊಣಕೈ ಆಡಿಸಿದರೆ ಸಾಕು, ಕಣ್ಣಿಗೆ ಕಣ್ಣು ಬೀಳುತ್ತಿತ್ತು. ಎರಡು ಸಲ ಗುರಿ ತಪ್ಪಿತು. ತಪ್ಪಿದವನ ಅಂಗಿಯ ಹಿಂಬದಿ ಕತ್ತರಿಸಿ ಬೇಟೆ ಗುಡಿಸಲ ಗೋಡೆಗೆ ಮೊಳೆ ಹೊಡೆದು ನೇತುಹಾಕುವುದು ಅವರ ಮನೆಯವರ ಪದ್ಧತಿ. ಕತ್ತರಿ ಹಿಡಿಯುವವಳು ಅಕ್ಕ ಮಾರ್ವಾ.

"ಇನ್ನೊಂದ್ ಸಲ ತಪ್ಪಿದ್ರೆ ನಿನ್ ಮೈಮೇಲೆ ಕಾಲರ್ ಒಂದೇ ಉಳಿಯೋದು ಕಣೋ!"

"ಚಳಿಗಾಲಕ್ಕೆ ಅಷ್ಟಾದ್ರೂ ಬಿಡೇ ಮಾರಾಯ್ತಿ."

ತಪ್ಪಿದರೆ ನಗು. ಆದರೆ ಜಿಂಕೆಗೆ ಗಾಯ ಮಾಡಿ ಅದನ್ನು ಹುಡುಕಲಾರದೆ ಕೈಬಿಟ್ಟರೆ ಆ ಗುಡಿಸಲಲ್ಲಿ ಯಾರೂ ನಗುವುದಿಲ್ಲ. ಅಂಥವನು ಬಿಲ್ಲು ಕೆಳಗಿಟ್ಟು ಮತ್ತೆಂದೂ ಮುಟ್ಟಬಾರದು. ಅದು ಅವರಪ್ಪ ಹಾಕಿದ ಕಟ್ಟಳೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಬಿದ್ದ ಓಕ್ ಮರದ ಹಿಂದೆ ಮಂಡಿಯೂರಿದ್ದ ಲಾರ್ನ್ ಮುಂದೆ ಎಂಟು ಕವಲು ಕೊಂಬಿನ ಗಂಡುಜಿಂಕೆ ಬಂದು ನಿಂತಿತು. ಹದಿನೈದೇ ಹೆಜ್ಜೆ. ಅವನು ಹೆದೆ ಎಳೆದ. ಅದು ನೋಡಿಬಿಟ್ಟಿತು. ತಡೆಯಬೇಕಿತ್ತು, ತಡೆಯಲಿಲ್ಲ, ಬಾಣ ಬಿಟ್ಟ. ಜಿಂಕೆ ಗಕ್ಕನೆ ತಿರುಗಿತು. ಎದೆಗೆ ಹೋಗಬೇಕಾದ ಅಲಗು ಹೊಟ್ಟೆ ಸೀಳಿ ಆಚೆ ಬಂತು. ಜಿಂಕೆ ಬೆನ್ನು ಬಾಗಿಸಿಕೊಂಡು ಪೊದೆಯೊಳಗೆ ಮರೆಯಾಯಿತು.

ಬಾಣ ಎತ್ತಿ ಮೂಸಿದ. ಹಸಿರು ಲೋಳೆ, ಕೊಳೆತ ಹುಲ್ಲಿನ ನಾತ. ಫೋನಿನಲ್ಲಿ ಅಕ್ಕನಿಗೆ ಪಿಸುಗುಟ್ಟಿದ.

"ಹೊಟ್ಟೆಗೆ ಬಿದ್ದಿದೆ ಕಣೇ."

"ಆರು ಗಂಟೆ ಹೊತ್ತು ಅಲ್ಲಾಡ್ಬೇಡ. ಅದು ಮಲಗಿದ ಜಾಗದಲ್ಲೇ ಸಾಯ್ಲಿ. ಕೂತ್ಕೋ!"

ಕೂತ. ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಮಳೆ ಬಿದ್ದರೆ ರಕ್ತದ ಜಾಡು ಅಳಿಸುತ್ತದೆ, ಜಾಡು ಹೋದರೆ ಬಿಲ್ಲೂ ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೆ ಎದ್ದುಬಿಟ್ಟ.

ಅರವತ್ತು ಹೆಜ್ಜೆ ಹೋಗಿದ್ದನೋ ಇಲ್ಲವೋ, ಮಲಗಿದ್ದ ಜಿಂಕೆ ಎದ್ದು ಓಡಿತು. ಅದರ ಕರುಳು ಮುಳ್ಳುಬೇಲಿಗೆ ಸಿಕ್ಕಿ ಮೊಳದುದ್ದ ಹರಿದು ನೇತಾಡಿತು. ಅಲ್ಲಿಂದಾಚೆ ಒಂದು ಹನಿ ರಕ್ತವೂ ಇರಲಿಲ್ಲ. ಮಳೆಯೂ ಬಂತು.

ಮಾರ್ವಾ ಬಂದವಳು ಬೇಲಿ ನೋಡಿದಳು. "ಎಷ್ಟೊತ್ತು ಕೂತಿದ್ದೆ?"

"ಇಪ್ಪತ್ತು ನಿಮಿಷ."

"ಥೂ ನಿನ್ನ!" ಅಂದವಳು ಮಂಡಿಯೂರಿ ಎಲೆ ಮಗುಚತೊಡಗಿದಳು. ಇಬ್ಬರೂ ನಾಲ್ಕು ಗಂಟೆ ಕೆಸರಲ್ಲಿ ತೆವಳಿದರು. "ಹೊಟ್ಟೆ ಉರೀತಿದ್ರೆ ನೀರಿಗೇ ಹೋಗುತ್ತೆ" ಎಂದು ಅವಳು ತೊರೆಯತ್ತ ತಿರುಗಿದಳು.

ಜಿಂಕೆ ಅಲ್ಲೇ ಇತ್ತು. ಹಿಂಗಾಲು ನೀರಲ್ಲಿ, ತಲೆ ದಂಡೆಯ ಮೇಲೆ, ಕಣ್ಣು ತೆರೆದೇ ಇತ್ತು. ಲಾರ್ನ್ ಇನ್ನೊಂದು ಬಾಣ ಬಿಟ್ಟ. ಅದು ಅಡ್ಡ ಬಳ್ಳಿಗೆ ತಗಲಿ ಎತ್ತಲೋ ಹಾರಿತು. ಬಳ್ಳಿಗಳ ನಡುವೆ ಮತ್ತೆ ಗುರಿ ಸಿಗದೆ ಚಾಕು ಹಿಡಿದು ನೀರಿಗಿಳಿದ. ಜಿಂಕೆ ಒಮ್ಮೆಲೇ ಕತ್ತು ಬೀಸಿತು. ಕೊಂಬು ತೊಡೆಯೊಳಗೆ ಇಳಿಯಿತು. ಅವನು ಚೀರಿ ಅದರ ಮೇಲೇ ಬಿದ್ದ. ಗೊರಸು ಪಕ್ಕೆಗೆ ಒದೆಯಿತು. ಕೊಂಬನ್ನು ಎಡಗೈಲಿ ತಿರುಚಿ ಹಿಡಿದು ಕುತ್ತಿಗೆಗೆ ಒಂದು, ಎರಡು, ಮೂರು ಸಲ ಇರಿದ. ಬಿಸಿ ರಕ್ತ ಬಾಯಿಗೆ ಚಿಮ್ಮಿತು. ಜಿಂಕೆ ಮಗುವಿನಂತೆ ಅರಚಿ, ಒದ್ದಾಡಿ, ತಣ್ಣಗಾಯಿತು.

ಮಾರ್ವಾ ಅವನನ್ನು ದಂಡೆಗೆಳೆದು ತೊಡೆಗೆ ಬೆಲ್ಟ್ ಬಿಗಿದಳು. "ಸಿಕ್ತಲ್ಲ, ಬಿಲ್ಲು ನಿಂದೇ. ಅಪ್ಪನ ಕಟ್ಟಳೆ ಅಷ್ಟೇ ಹೇಳೋದು."

"ಅಪ್ಪ ಹುಡುಕು ಅಂದ. ಬೇಲಿಗೆ ಸಿಗಿಸಿ ಹರಿ ಅನ್ನಲಿಲ್ಲ." ಲಾರ್ನ್ ಬೆನ್ನಿನ ಬತ್ತಳಿಕೆ ಬಿಚ್ಚಿ ಅವಳ ಕೈಗಿಟ್ಟ. "ಬಿಲ್ಲು ನನ್ನತ್ರ ಇರ್ಲಿ. ಬಾಣ ನಿನ್ನತ್ರ. ಅವುಗಳ ಕಣ್ಣೆದುರು ಹೆದೆ ಎಳೆಯೋದು, ಎಳೆದೂ ಬಿಡದೆ ಇರೋದು ಕಲೀಬೇಕು. ಅದು ಬಂದಾಗ ಬಾಣ ನಾನೇ ಕೇಳ್ತೀನಿ."

"ಈ ಕಾಲಿಟ್ಕೊಂಡು ಎಲ್ಲಿ ಕಲೀತೀಯೋ?"

"ಕೂರೋದಕ್ಕೆ ಕಾಲ್ಯಾಕೆ?"

ಹೊಲಿಗೆ ಬಿಚ್ಚಿದ ಮರುದಿನವೇ ಬರೀ ಬಿಲ್ಲು ಹಿಡಿದು ಓಕ್ ಮರದ ಹಿಂದೆ ಹೋಗಿ ಕೂತ. ಆ ಋತು ಮುಗಿಯುವವರೆಗೆ ಅವನೆದುರು ಹನ್ನೊಂದು ಜಿಂಕೆ ಹಾದುಹೋದವು. ಒಂಬತ್ತು ಅವನು ಹೆದೆ ಎಳೆಯುವುದನ್ನು ಕಂಡು ಓಡಿದವು. ಎರಡಕ್ಕೆ ಅದು ಕಾಣಲಿಲ್ಲ.