ಅತ್ತೆಯ ನಶ್ಯಕ್ಕೆ ಬಿದ್ದ ಸುಂಕ

ಮೈಸೂರಿನಿಂದ ಅತ್ತೆಗೆಂದು ನಶ್ಯದ ಡಬ್ಬಿ ತರುತ್ತಿದ್ದೆ. ಗಡಿಯಲ್ಲಿ, ಕುಶಾಲನಗರದ ಸೇತುವೆಯ ಬಳಿ, ಸುಂಕದ ಅಧಿಕಾರಿ ಬಸ್ಸು ಹತ್ತಿ ಅದನ್ನು ಹಿಡಿದರು.

"ಈಗ ಎಲ್ಲರಿಗೂ ನಶ್ಯದ ಹುಚ್ಚು. ಸರಕಾರ ಸುಂಕ ಹಾಕದೆ ಬಿಡುತ್ತದೆಯೇ ಅಮ್ಮಾ? ಇದು ಜಪ್ತಿ!"

"ಹಾಕುತ್ತದೆಯೋ, ಹಾಕಿದೆಯೋ? ಆಜ್ಞೆ ತೋರಿಸಿ," ಎಂದೆ. ನಶ್ಯವಿಲ್ಲದೆ ಮನೆಗೆ ಹೋದರೆ ಅತ್ತೆ ನನ್ನನ್ನು ಒಳಗೆ ಬಿಡುವವರಲ್ಲ.

"ಇವತ್ತಲ್ಲ ನಾಳೆ ಬರುತ್ತದೆ," ಎನ್ನುತ್ತಾ ಅವರು ಮುಚ್ಚಳ ತೆಗೆದರು. ಅಭ್ಯಾಸಬಲ ನೋಡಿ, ಒಂದು ಚಿಟಿಕೆ ತಮ್ಮ ಮೂಗಿಗೇರಿಸಿ ಡಬ್ಬಿಯನ್ನು ಜೊತೆಗೆ ಬಂದಿದ್ದ ಪೇದೆಗೂ ಚಾಚಿದರು. ಅವನೂ ಏರಿಸಿದ.

"ಜಪ್ತಿಯಾದ ಮಾಲು ಸರಕಾರದ್ದಲ್ಲವೇ ಸ್ವಾಮಿ? ಏರಿಸಿದವರ ಹೆಸರು ಬರೆದುಕೊಳ್ಳಲೇ?"

ಬಸ್ಸಿಗೆ ಬಸ್ಸೇ ನಕ್ಕಿತು. ಡಬ್ಬಿ ನನ್ನ ಮಡಿಲಿಗೆ ಮರಳಿತು. ಅಧಿಕಾರಿ ಸೀನುತ್ತಲೇ ಇಳಿದುಹೋದರು.

ಮನೆಯಲ್ಲಿ ಅತ್ತೆ ಡಬ್ಬಿ ತೆರೆದು ಹುಬ್ಬೇರಿಸಿದರು. "ಇದೇನು, ಕಡಿಮೆ ಇದೆಯಲ್ಲ?"

"ಸರಕಾರದ ಸುಂಕ ಅತ್ತೆ. ಎರಡು ಚಿಟಿಕೆ."